ವಯಸ್ಸು ಬರೀ ಸಂಖ್ಯೆ ಅಲ್ಲ, ಆದರೂ ದೂರ ಹೋಗಬಹುದು

ಐವತ್ತು ದಾಟಿದ ಮೇಲೆ ಮತ್ತೆ ಸೈಕಲ್ ಹತ್ತಿದವರ ಕಿವಿಗೆ ಎರಡು ಥರದ ಮಾತು ಬೀಳುತ್ತದೆ. "ಈ ವಯಸ್ಸಲ್ಲಿ ಇದೆಲ್ಲ ಯಾಕೆ, ಸುಮ್ನೆ ವಾಕಿಂಗ್ ಹೋಗಿ" ಅನ್ನುವುದು ಒಂದು. "ವಯಸ್ಸು ಬರೀ ಸಂಖ್ಯೆ, ನುಗ್ಗಿ" ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಮೊದಲನೆಯದು ಜನರನ್ನು ಮನೆಯಲ್ಲಿ ಕೂರಿಸುತ್ತದೆ. ಎರಡನೆಯದು ಎರಡೇ ತಿಂಗಳಲ್ಲಿ ಮಂಡಿ ಹಿಡಿದುಕೊಂಡು ಮನೆಗೆ ವಾಪಸ್ ಬರುವ ಹಾಗೆ ಮಾಡುತ್ತದೆ.

ಕಾಲೇಜಿನ ದಿನಗಳಲ್ಲಿ ನಾನು ದಿನವಿಡೀ ಸೈಕಲ್ ಹೊಡೆಯುತ್ತಿದ್ದವಳು. ಬೆಳಕು ಹರಿಯುವ ಮೊದಲೇ ಹೊರಟರೆ ಕತ್ತಲಾದ ಮೇಲೆ ಮನೆ. ಆಮೇಲೆ ಕೆಲಸ, ಮದುವೆ, ಮಕ್ಕಳು, ಹಿರಿಯರ ಆರೈಕೆ. ಸೈಕಲ್ ಮೂಲೆ ಸೇರಿತು. ಐವತ್ತರ ನಂತರ ಬಿಪಿ ಏರಿತು, ಶುಗರ್ ಗಡಿಯ ಹತ್ತಿರ ಬಂತು, ಎರಡು ಮಹಡಿ ಹತ್ತಿದರೆ ಏದುಸಿರು. ಡಾಕ್ಟರು ವ್ಯಾಯಾಮ ಮಾಡಿ ಅಂದರು. ವ್ಯಾಯಾಮದಲ್ಲಿ ನನಗೆ ಗೊತ್ತಿದ್ದದ್ದು, ಮನಸ್ಸಿಗೆ ಹಿಡಿಸಿದ್ದು ಇದೊಂದೇ. ಹಾಗಾಗಿ ಮತ್ತೆ ಸೈಕಲ್ಲಿಗೆ ಬಂದೆ. ಇವತ್ತು ನೂರು ಕಿಲೋಮೀಟರ್ ಹೋಗಿ ಬಂದು, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗಬಲ್ಲೆ. ಇದನ್ನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ.

ತಡವಾಗಿ ಮರಳಿದವರಿಗೆ ಏನು ಸಾಧ್ಯ ಅಂತ ಯಾರಾದರೂ ಕೇಳಿದರೆ ನಾನು ಹೇಳುವ ಹೆಸರು ರೋಬೇರ್ ಮಾರ್ಶಾನ್ ಅವರದು. ಫ್ರಾನ್ಸಿನವರು, ಹುಟ್ಟಿದ್ದು 1911ರಲ್ಲಿ. ಸೈಕಲ್ ಬಿಟ್ಟು ಎಷ್ಟೋ ವರ್ಷ ಬೇರೆ ಬದುಕು ನಡೆಸಿ, 67ರ ಆಸುಪಾಸಿನಲ್ಲಿ ಮತ್ತೆ ಹತ್ತಿದರು. 2012ರಲ್ಲಿ, ನೂರು ತುಂಬಿದ ಮೇಲೆ, ಒಂದು ಗಂಟೆಯಲ್ಲಿ 24.25 ಕಿ.ಮೀ. ತುಳಿದರು. 2014ರಲ್ಲಿ, 102ರ ವಯಸ್ಸಿನಲ್ಲಿ, ಅದೇ ಒಂದು ಗಂಟೆಯಲ್ಲಿ 26.927 ಕಿ.ಮೀ. ಹೌದು, ಜಾಸ್ತಿ ಆಯಿತು. ವೆರೊನಿಕ್ ಬಿಯಾ ಎಂಬ ವಿಜ್ಞಾನಿ ಅವರ ತರಬೇತಿಯನ್ನೂ ದೇಹವನ್ನೂ ಎರಡು ವರ್ಷ ಗಮನಿಸಿದ್ದರು. ದೇಹ ಒಂದು ನಿಮಿಷದಲ್ಲಿ ಗರಿಷ್ಠ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ ಇದೆಯಲ್ಲ, ಅದು 101ರಿಂದ 103ರ ನಡುವೆ ಶೇಕಡ 13ರಷ್ಟು ಏರಿತ್ತು. ಸಾಮಾನ್ಯವಾಗಿ ಈ ಅಳತೆ ಮೂವತ್ತರ ನಂತರ ಹತ್ತು ವರ್ಷಕ್ಕೆ ಸುಮಾರು ಶೇಕಡ 10 ಇಳಿಯುತ್ತಾ ಹೋಗುತ್ತದೆ.

ಆದರೆ ಆ ಅಜ್ಜನ ಕಥೆಯಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಭಾಗವೇ ನನಗೆ ಮುಖ್ಯ. ಅವರ ತರಬೇತಿಯಲ್ಲಿ ಶೇಕಡ 80ರಷ್ಟು ಹಗುರವಾದ ಸವಾರಿ. ಉಳಿದ 20 ಮಾತ್ರ ಕಷ್ಟದ್ದು. ನುಗ್ಗಿದ್ದಲ್ಲ, ಅಳೆದು ತೂಗಿ ತುಳಿದದ್ದು.

ನಾವು ಮರಳಿ ಬಂದಾಗ ಎಡವುವುದು ಇಲ್ಲಿಯೇ. ಶುರು ಮಾಡಿದ ಎರಡು ಮೂರು ವಾರದಲ್ಲೇ ಉಸಿರು ಸಲೀಸಾಗುತ್ತದೆ. ರಕ್ತದಲ್ಲಿ ನೀರಿನ ಅಂಶ ಹೆಚ್ಚುತ್ತದೆ, ಹೃದಯ ಒಂದು ಬಡಿತಕ್ಕೆ ಜಾಸ್ತಿ ರಕ್ತ ದೂಡುತ್ತದೆ. ಏರು ಬಂದರೂ ಭಯ ಇರುವುದಿಲ್ಲ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟಿರುವ ನಾರು, ಟೆಂಡನ್ ಅಂತಾರಲ್ಲ, ಅದಕ್ಕೆ ರಕ್ತ ಹರಿಯುವುದೇ ಕಡಿಮೆ. ಅದು ಗಟ್ಟಿಯಾಗಲು ತಿಂಗಳುಗಳು ಬೇಕು. ವಯಸ್ಸಾದಂತೆ ಇನ್ನೂ ನಿಧಾನ. ಶ್ವಾಸಕೋಶ ಸಿದ್ಧ, ಮನಸ್ಸು ಸಿದ್ಧ, ಮಂಡಿ ಮಾತ್ರ ಸಿದ್ಧವಿಲ್ಲ. ಇದರ ಮೇಲೆ ಹಳೆಯ ನೆನಪು ಬೇರೆ. ಇಪ್ಪತ್ತೆರಡರಲ್ಲಿ ಎಷ್ಟು ದೂರ ಹೋಗುತ್ತಿದ್ದೆ ಅನ್ನುವುದು ತಲೆಯಲ್ಲಿ ಕೂತಿರುತ್ತದೆ. ಸೈಕಲ್ಲನ್ನೇ ಮುಟ್ಟದವರಿಗಿಂತ ಮೊದಲು ಚೆನ್ನಾಗಿ ಹೊಡೆಯುತ್ತಿದ್ದವರೇ ಜಾಸ್ತಿ ಗಾಯ ಮಾಡಿಕೊಳ್ಳುವುದನ್ನು ನಾನು ನೋಡಿದ್ದೇನೆ. ವಯಸ್ಸು ಸಂಖ್ಯೆ ಮಾತ್ರ ಅಲ್ಲ ಅಂತ ನಾನು ಹಟ ಹಿಡಿದು ಹೇಳುವುದು ಇದಕ್ಕೇ. ವಾರದಿಂದ ವಾರಕ್ಕೆ ದೂರವನ್ನು ಹತ್ತರಲ್ಲಿ ಒಂದು ಪಾಲಿನಷ್ಟು ಏರಿಸಿ, ಮೂರು ವಾರ ಏರಿಸಿದ ಮೇಲೆ ಒಂದು ವಾರ ಇಳಿಸಿ. ಬೇಜಾರಾಗುತ್ತದೆ, ನಿಜ. ಆದರೂ ಇಳಿಸಿ.

ವೇಗದ ಲೆಕ್ಕ ಸುಲಭ. ಪಕ್ಕದಲ್ಲಿರುವವರ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಹೆಚ್ಚಿನ ಸವಾರಿ ಈ ಮಟ್ಟದಲ್ಲಿ ಇರಲಿ. ಕೈಗೆ ಕಟ್ಟಿದ ವಾಚು ತೋರಿಸುವ ನಾಡಿಬಡಿತದ ಮೇಲೆ ಪೂರ್ತಿ ನಂಬಿಕೆ ಬೇಡ. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಆ ಮಾತ್ರೆಯೇ ಬಡಿತವನ್ನು ತಗ್ಗಿಸಿರುತ್ತದೆ. ಅವರಿಗೆ ವಾಚಿನ ಲೆಕ್ಕಕ್ಕಿಂತ ಈ ಮಾತಿನ ಲೆಕ್ಕವೇ ವಾಸಿ.

ಈಗ ನನ್ನ ಅಸಲು ಮಾತಿಗೆ ಬರುತ್ತೇನೆ. ಆರೋಗ್ಯಕ್ಕಾಗಿ ಸೈಕಲ್ ಹತ್ತುವವರು ತೂಕವನ್ನು ಗುರಿ ಮಾಡಿಕೊಳ್ಳಬೇಡಿ. ದೂರವನ್ನು ಗುರಿ ಮಾಡಿಕೊಳ್ಳಿ.

ತೂಕದ ಯಂತ್ರ ಮೊದಲು ಸ್ವಲ್ಪ ಖುಷಿ ಕೊಡುತ್ತದೆ, ಆಮೇಲೆ ಒಂದೇ ಕಡೆ ನಿಲ್ಲುತ್ತದೆ. ನಿಂತ ಕೂಡಲೇ ಬೆಳಗ್ಗೆ ಏಳುವ ಮನಸ್ಸೂ ನಿಲ್ಲುತ್ತದೆ. ದೂರ ಹಾಗಲ್ಲ. 60 ಕಿ.ಮೀ. ಹೋಗಬೇಕು ಅಂದುಕೊಂಡವರು ಹಿಂದಿನ ರಾತ್ರಿ ಬೇಗ ಮಲಗುತ್ತಾರೆ. ಏನು ತಿಂದರೆ ಕಾಲು ನಡೆಯುತ್ತದೆ ಅಂತ ತಾವೇ ಕಲಿಯುತ್ತಾರೆ. ಕುಡಿಯುವುದು, ಸೇದುವುದು ತಾನಾಗಿ ಕಡಿಮೆಯಾಗುತ್ತದೆ, ಯಾಕೆಂದರೆ ಮರುದಿನ ಏರಿನಲ್ಲಿ ಅದರ ಬೆಲೆ ತೆರಬೇಕಾಗುತ್ತದೆ. ಯಾರೂ ಉಪದೇಶ ಮಾಡಬೇಕಿಲ್ಲ. ನನ್ನ ಶುಗರ್ ಇಳಿಯಿತು, ಬಿಪಿ ಇಳಿಯಿತು. ತೂಕ ಮಾತ್ರ ಅಷ್ಟೇನೂ ಇಳಿಯಲಿಲ್ಲ. ನನಗೆ ಅದರ ಚಿಂತೆ ಇಲ್ಲ.

ಶುಗರ್ ಇಳಿಯುವುದಕ್ಕೆ ಕಾರಣವೂ ಚೆನ್ನಾಗಿದೆ. ಕೆಲಸ ಮಾಡುತ್ತಿರುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ತೊಡೆ, ಪೃಷ್ಠ ದೇಹದ ದೊಡ್ಡ ಮಾಂಸಖಂಡಗಳು, ತುಳಿಯುವಾಗ ದುಡಿಯುವುದು ಅವೇ. ಸವಾರಿ ಮುಗಿದ ಮೇಲೂ ಒಂದೆರಡು ದಿನ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕೇ ಭಾನುವಾರ ಒಂದೇ ದಿನ ಹೋಗಿ ವಾರವಿಡೀ ಕೂರುವುದಕ್ಕಿಂತ, ನಡುವೆ ಎರಡು ಮೂರು ಚಿಕ್ಕ ಸವಾರಿ ಇದ್ದರೆ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ ಅನ್ನುತ್ತದೆ. ಸೈಕಲ್ಲಿನವರಿಗೆ ಅದು ತಲುಪುವುದು ಕಷ್ಟವೇ ಅಲ್ಲ. ಒಂದು ಎಚ್ಚರಿಕೆ: ಇನ್ಸುಲಿನ್ ತೆಗೆದುಕೊಳ್ಳುವವರಿಗೆ, ಶುಗರ್ ಇಳಿಸುವ ಕೆಲವು ಮಾತ್ರೆ ನುಂಗುವವರಿಗೆ ದಾರಿಯಲ್ಲಿ ಶುಗರ್ ತೀರಾ ಕೆಳಗೆ ಹೋಗಬಹುದು. ಡಾಕ್ಟರ ಹತ್ತಿರ ಮಾತಾಡಿ, ಜೇಬಿನಲ್ಲಿ ಸಿಹಿ ಇಟ್ಟುಕೊಂಡೇ ಹೊರಡಿ. ಹಾಗೇ, ತುಳಿಯುವಾಗ ಎದೆ ಬಿಗಿದರೆ, ತಲೆ ತಿರುಗಿದರೆ, ಬಡಿತ ಅಡ್ಡಾದಿಡ್ಡಿಯಾದರೆ ಅಲ್ಲೇ ನಿಲ್ಲಿಸಿ. "ಸ್ವಲ್ಪ ಹೊತ್ತಲ್ಲಿ ಸರಿಹೋಗುತ್ತೆ" ಅನ್ನುವ ಸಮಯ ಅದಲ್ಲ.

ಬ್ರಿಟನ್ನಿನ ಒಂದು ಅಧ್ಯಯನದ ಬಗ್ಗೆ ನೀವು ಓದಿರಬಹುದು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನವರು 55ರಿಂದ 79 ವರ್ಷದ 125 ಸೈಕಲ್ ಸವಾರರನ್ನು ಪರೀಕ್ಷಿಸಿದ್ದರು, ಫಲಿತಾಂಶ 2018ರಲ್ಲಿ ಬಂತು. ಸೇರಬೇಕಾದರೆ ಗಂಡಸರು ಆರೂವರೆ ಗಂಟೆಯೊಳಗೆ 100 ಕಿ.ಮೀ., ಹೆಂಗಸರು ಐದೂವರೆ ಗಂಟೆಯೊಳಗೆ 60 ಕಿ.ಮೀ. ಹೋಗುವಂತಿರಬೇಕಿತ್ತು. ಅವರಲ್ಲಿ ವಯಸ್ಸಾದಂತೆ ಕರಗಬೇಕಾದ ಮಾಂಸಖಂಡ ಉಳಿದಿತ್ತು. ರೋಗದ ವಿರುದ್ಧ ಹೋರಾಡುವ ಹೊಸ ಟಿ ಕೋಶಗಳು ಹರೆಯದವರಲ್ಲಿ ಇರುವಷ್ಟೇ ಹುಟ್ಟುತ್ತಿದ್ದವು. ಓದಿದಾಗ ಖುಷಿಯಾಯಿತು. ಆದರೆ ಅವರೆಲ್ಲ ಬದುಕಿನ ಬಹುಪಾಲು ಸೈಕಲ್ ಬಿಡದೇ ಇದ್ದವರು. ನಮ್ಮ ಥರ ಮಧ್ಯೆ ಬಿಟ್ಟು ಬಂದವರಿಗೆ ಅಷ್ಟೂ ಸಿಗುತ್ತದೆ ಅಂತ ಅದರಿಂದ ಹೇಳಲಾಗುವುದಿಲ್ಲ. ಎಷ್ಟು ಸಿಕ್ಕರೂ ಸಿಗದಿರುವುದಕ್ಕಿಂತ ಮೇಲು ಅಲ್ವಾ.

ಸೈಕಲ್ಲು ಒಂದು ಕೆಲಸ ಮಾಡುವುದಿಲ್ಲ ಅನ್ನುವುದನ್ನೂ ಹೇಳಬೇಕು. ಅದು ಮೂಳೆಗೆ ಬಲ ಕೊಡುವುದಿಲ್ಲ. ಮೈಭಾರವನ್ನು ಸೀಟು ಹೊರುವುದರಿಂದ ಮಂಡಿಗೆ ಹಿತ, ಆದರೆ ಅದೇ ಕಾರಣಕ್ಕೆ ಮೂಳೆಗೆ ಕೆಲಸವಿಲ್ಲ. ವರ್ಷಗಟ್ಟಲೆ ಬರೀ ಸೈಕಲ್ ಹೊಡೆಯುವವರಲ್ಲಿ ಬೆನ್ನುಮೂಳೆಯ ಸಾಂದ್ರತೆ ಕಡಿಮೆ ಇರುವುದು ಕಂಡುಬಂದಿದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಮೂಳೆ ಸವೆಯುವುದು ಹೇಗೂ ಜೋರು. ಹಾಗಾಗಿ ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಬಿಡಲೇಬೇಡಿ. ಬಸ್ಕಿ, ಮೆಟ್ಟಿಲು ಹತ್ತುವುದು, ತೂಕ ಹಿಡಿದು ಬಗ್ಗಿ ಏಳುವುದು. ನನ್ನ ವಯಸ್ಸಿನ ಗೆಳತಿಯರಿಗೆ ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಇನ್ನು ಸೈಕಲ್ಲನ್ನು ಮೈಗೆ ಹೊಂದಿಸುವ ವಿಚಾರ. ಹೊಸ ಸೈಕಲ್ಲಿಗೆ ಹಣ ಸುರಿಯುವ ಮೊದಲು ಇದಕ್ಕೆ ಒಂದು ಇಡೀ ಬೆಳಗ್ಗೆ ಕೊಡಿ. ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಡಿ. ಕಾಲು ನೇರವಾಗಬೇಕು. ಆಮೇಲೆ ಪಾದದ ಮುಂಭಾಗವನ್ನು ಪೆಡಲಿನ ಮೇಲಿಟ್ಟರೆ ಮಂಡಿ ತುಸು ಬಾಗುತ್ತದೆ, ಅಷ್ಟು ಬಾಗಿದರೆ ಸರಿ. ಮಂಡಿಯ ಮುಂದೆ ನೋವು ಬಂದರೆ ಸೀಟು ತಗ್ಗಾಗಿರುವ ಸಾಧ್ಯತೆ ಹೆಚ್ಚು, ಮಂಡಿಯ ಹಿಂದೆ ಬಂದರೆ ಎತ್ತರ ಜಾಸ್ತಿ. ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದರೆ ಅಂಗೈ ಮೇಲೆ ಭಾರ ಬೀಳುತ್ತಿದೆ ಅಂತ. ಅಲ್ಲಿ ಒಂದು ನರ ಹಾದುಹೋಗುತ್ತದೆ, ಅದನ್ನು ಗಂಟೆಗಟ್ಟಲೆ ಒತ್ತಿದರೆ ಜೋಮು ವಾರಗಟ್ಟಲೆ ಉಳಿಯಬಹುದು. ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಕೈ ಜಾಗ ಬದಲಿಸುತ್ತಾ ಇರಿ. ಇಪ್ಪತ್ತರಲ್ಲಿ ಬಗ್ಗಿದಷ್ಟು ಸೊಂಟ ಈಗ ಬಗ್ಗುವುದಿಲ್ಲ, ಬಗ್ಗಬೇಕಾಗಿಯೂ ಇಲ್ಲ. ಟೈರು ತುಸು ಅಗಲದ್ದು, 28ರಿಂದ 32 ಮಿ.ಮೀ.ನದು ಹಾಕಿ, ಗಾಳಿ ಕಲ್ಲಿನಂತೆ ತುಂಬಬೇಡಿ. ಹಗುರ ಗೇರಿನಲ್ಲಿ ನಿಮಿಷಕ್ಕೆ 80-90 ಸುತ್ತು ಬರುವಂತೆ ತುಳಿದರೆ ಮಂಡಿ ಮೇಲಿನ ಒತ್ತಡ ಇಳಿಯುತ್ತದೆ. ಭಾರಿ ಗೇರಿನಲ್ಲಿ ಒತ್ತಿ ತುಳಿಯುವುದು ಶಕ್ತಿಯ ಲಕ್ಷಣ ಅನ್ನುವವರ ಮಾತಿಗೆ ಕಿವಿಗೊಡಬೇಡಿ. ಒಳಗೆ ಪ್ಯಾಡ್ ಇರುವ ಸೈಕಲ್ ಚಡ್ಡಿಯ ಕೆಳಗೆ ಒಳಉಡುಪು ಹಾಕಬಾರದು, ಹೊಲಿಗೆಯೇ ಚರ್ಮ ಕೀಳುತ್ತದೆ. ಇದನ್ನು ಹೇಳಲು ಯಾರೂ ಸಂಕೋಚಪಡಬೇಕಿಲ್ಲ.

ಊಟ ನೀರಿನ ಬಗ್ಗೆ ಚುಟುಕಾಗಿ. ಎರಡು ಗಂಟೆ ದಾಟುವ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಹಸಿವಾಗುವ ಮೊದಲೇ ತಿನ್ನಲು ಶುರು ಮಾಡಿ. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ, ಹಾಗಾಗಿ ಆಗಾಗ ಗುಟುಕರಿಸುವ ಅಭ್ಯಾಸ ಬೇಕು. ಹಾಗಂತ ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಉಪ್ಪು ತೆಳುವಾಗಿ ಅಪಾಯ. ಉಪ್ಪೂ ಬೇಕು.

ದೂರದ ಗುರಿ ಬೇಕು ಅನ್ನುವವರಿಗೆ ಬ್ರೆವೆ ಅನ್ನುವ ಸವಾರಿಗಳಿವೆ. 200, 300, 400, 600 ಕಿ.ಮೀ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಇವುಗಳ ಹಿರಿಯಣ್ಣ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್, 1891ರಲ್ಲಿ ಶುರುವಾದದ್ದು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ, ಸುಮಾರು 1,200 ಕಿ.ಮೀ.ಗೆ 90 ಗಂಟೆ. ನನಗೆ ಬ್ರೆವೆ ಇಷ್ಟವಾಗುವುದು ಅದು ಪಂದ್ಯ ಅಲ್ಲ ಅನ್ನುವುದಕ್ಕೆ. ಮೊದಲ ಸ್ಥಾನ, ಎರಡನೆಯ ಸ್ಥಾನ ಇಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಇರುತ್ತದೆ. ಊಟ, ವಿಶ್ರಾಂತಿ ಎಲ್ಲ ಸೇರಿಸಿ ಗಂಟೆಗೆ 15 ಕಿ.ಮೀ. ಬಂದರೆ ಸಾಕು. ಇಪ್ಪತ್ತೈದರವರಿಗೂ ಎಪ್ಪತ್ತರವರಿಗೂ ಅದೇ ಗಡುವು. ಅಲ್ಲಿ ಬಿಳಿಗೂದಲಿನವರು ಬಹಳ ಜನ ಕಾಣುತ್ತಾರೆ. ಬೇಗ ಸುಸ್ತಾಗದ ಹಾಗೆ ತುಳಿಯುವುದು, ನಿಲ್ಲುವ ಕಡೆ ಸಮಯ ಹಾಳು ಮಾಡದಿರುವುದು, ಎದುರುಗಾಳಿಗೆ ಸಿಟ್ಟಾಗದಿರುವುದು, ಇವೆಲ್ಲ ವಯಸ್ಸಿನ ಜೊತೆ ಬರುವ ಗುಣಗಳು. ಬ್ರೆವೆಯಲ್ಲಿ ಅವು ಕಾಲಿನ ಬಲದಷ್ಟೇ ಕೆಲಸಕ್ಕೆ ಬರುತ್ತವೆ.

200 ನಾನು ಮುಗಿಸಿದ್ದೇನೆ, ಈಗ 300ಕ್ಕೆ ತಯಾರಿ. ಅದಕ್ಕೆ 20 ಗಂಟೆ, ಅಂದರೆ ಕತ್ತಲಲ್ಲೂ ತುಳಿಯಬೇಕು. ವಯಸ್ಸಾದಂತೆ ಕತ್ತಲಲ್ಲಿ ಕಣ್ಣಿನ ಪಾಪೆ ಮೊದಲಿನಷ್ಟು ಅರಳುವುದಿಲ್ಲ, ಎದುರು ಬರುವ ದೀಪದ ಝಳ ಕಳೆದು ಮತ್ತೆ ರಸ್ತೆ ಕಾಣಲು ಹೆಚ್ಚು ಹೊತ್ತು ಬೇಕು. ಹಾಗಾಗಿ ಮುಂದಿನ ವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ. ಸೈಕಲ್ಲಿಗೆ ಎರಡು ಮುಂದಿನ ದೀಪ, ಎರಡು ಹಿಂದಿನ ದೀಪ ಆಗಲೇ ಕಟ್ಟಿಯಾಗಿದೆ.