ಟೆಂಟ್ ಹೊಡೆಯುವ ಮೊದಲು ಮುತ್ಯಾನನ್ನು ಕೇಳಿ

ಸಂಜೆ ಐದೂವರೆಗೆ ಕಾರಂಜಾ ಜಲಾಶಯದ ದಂಡೆಯಲ್ಲಿ ಕೆಟ್ಟ ಜಾಗ ಅಂತ ಒಂದೂ ಇರುವುದಿಲ್ಲ. ಬಿಸಿಲು ಇಳಿದಿರುತ್ತದೆ, ನೀರು ಹೊಳೆಯುತ್ತಿರುತ್ತದೆ, ಕೊಕ್ಕರೆಗಳು ಫೋಟೋಕ್ಕೆ ಅಂತಲೇ ನಿಂತಿರುತ್ತವೆ. ಆ ಹೊತ್ತಿನಲ್ಲಿ ಕಾರಿನಿಂದ ಇಳಿದವರು ಎಲ್ಲಿ ಬೆರಳು ಮಾಡಿದರೂ ಟೆಂಟ್ ಹಾಕಲು ಅದೇ ಛಲೋ ಜಾಗ. ಜಾಗದ ನಿಜವಾದ ಗುಣ ಗೊತ್ತಾಗುವುದು ರಾತ್ರಿ ಎರಡು ಗಂಟೆಗೆ. ಆಗ ಬದಲಿಸುವ ತ್ರಾಣ ಯಾರಿಗೂ ಇರುವುದಿಲ್ಲ. "ನಾ ಮೊದ್ಲೇ ಹೇಳಿದ್ದೆ" ಅನ್ನುವ ತ್ರಾಣ ಮಾತ್ರ ಎಲ್ಲರಿಗೂ ಇರುತ್ತದೆ.

ಬಿಸಿಲನಾಡು ಅಂತ ಹೆಸರಿದ್ದರೂ ಬೀದರ್, ಕಲಬುರಗಿ, ಯಾದಗಿರಿಯ ನಮ್ಮಲ್ಲಿ ನೀರಿನ ದಂಡೆಗೆ ಕೊರತೆಯಿಲ್ಲ. ಭಾಲ್ಕಿ ಕಡೆ ಕಾರಂಜಾ, ಆಳಂದದ ಕೊರಳ್ಳಿಯಲ್ಲಿ ಅಮರ್ಜಾ, ಹೇರೂರಿನ ಬೆಣ್ಣೆತೊರಾ, ಯಾದಗಿರಿ ಪಕ್ಕ ಹತ್ತಿಕುಣಿ, ಕೃಷ್ಣೆಗೆ ಅಡ್ಡವಾಗಿ ನಾರಾಯಣಪುರದ ಬಸವಸಾಗರ. ಹಂಗಂತ ಕಂಡಲ್ಲೆಲ್ಲ ಗೂಟ ಹೊಡೆಯುವಂತಿಲ್ಲ. ಚಂದ್ರಂಪಳ್ಳಿ ಡ್ಯಾಮ್ ಇರುವುದು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮದ ಒಳಗೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಅಲ್ಲಿ ರಾತ್ರಿ ಉಳಿದರೆ ಬೆಳಿಗ್ಗೆ ಚಹಾ ಯಾರ ಜೊತೆ ಕುಡಿಯಬೇಕಾಗುತ್ತದೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಸುರಪುರದ ಬೋನಾಳ ಕೆರೆ ಪಕ್ಷಿಧಾಮ, ಅಲ್ಲಿಯೂ ಅದೇ ಮಾತು. ಡ್ಯಾಮಿನ ಒಡ್ಡು, ಗೇಟಿನ ಆಸುಪಾಸು ಇವು ನೀರಾವರಿಯವರದ್ದು, ಅಲ್ಲಿ ಕೇಳುವುದೇ ಬೇಡ. ಉಳಿಯುವುದು ರೈತರ ಹೊಲ, ಬದು, ಹುಲ್ಲುಗಾವಲು. ಅದಕ್ಕೆ ಬೇಕಾದ ಅನುಮತಿ ಪತ್ರ ಹೊಲದ ಬದುವಿನ ಮೇಲೆ ಬೀಡಿ ಸೇದುತ್ತ ಕೂತಿರುತ್ತದೆ. ಅದೇ ಮುತ್ಯಾ, ಅಂದರೆ ಅಜ್ಜ.

"ಮುತ್ಯಾ, ಇಲ್ಲೇ ಒಂದ್ ರಾತ್ರಿ ಟೆಂಟ್ ಹಾಕ್ಲಿಕ್ಕಿ ಜಾಗ ಸಿಗ್ತದೇನ್ರಿ?"

"ಯಾಕ ತಮ್ಮಾ, ಮನ್ಯಾಗ ಜಗಳಾಡಿ ಬಂದೀದೇನು?"

ಇದು ಅಣಕವಲ್ಲ. ಕಲಬುರಗಿಯಲ್ಲಿ ಸ್ವಂತ ಆರ್‌ಸಿಸಿ ಮನೆ ಇಟ್ಟುಕೊಂಡವನು, ಬೆನ್ನಿಗೆ ಗಂಟು ಕಟ್ಟಿಕೊಂಡು ಬಂದು ನೆಲದ ಮೇಲೆ ಮಲಗುತ್ತೇನೆ ಅಂದರೆ ಆತನಿಗೆ ನಿಜವಾಗಿಯೂ ಕಾಳಜಿ. ಎದುರು ಮಾತಾಡದೆ ಹೌದು ಅಂದುಬಿಡಿ, ಕೆಲಸ ಬೇಗ ಆಗುತ್ತದೆ. ಆಮೇಲೆ ಮೂರು ಪ್ರಶ್ನೆ ತಪ್ಪದೇ ಕೇಳಬೇಕು.

ಮೊದಲನೆಯದು, "ರಾತ್ರಿ ತ್ರೀ ಫೇಸ್ ಕರೆಂಟ್ ಎಷ್ಟಕ್ಕ ಬರ್ತದ್ರಿ?" ಪೇಟೆಯವರು ಈ ಪ್ರಶ್ನೆಯನ್ನು ಜನ್ಮದಲ್ಲಿ ಕೇಳುವುದಿಲ್ಲ. ಪಂಪ್‌ಸೆಟ್ಟಿಗೆ ಕರೆಂಟು ಎಷ್ಟೋ ಕಡೆ ಪಾಳಿಯಲ್ಲಿ, ರಾತ್ರಿ ಹೊತ್ತಿನಲ್ಲೇ ಬರುತ್ತದೆ. ಕರೆಂಟು ಬಂದ ತಕ್ಷಣ ತಾನೇ ಶುರುವಾಗಲಿ ಅಂತ ಮೋಟರಿಗೆ ಆಟೋ ಸ್ಟಾರ್ಟರ್ ಕೂಡಿಸಿರುತ್ತಾರೆ. ನೀವು ಸಮತಟ್ಟಾಗಿದೆ ಅಂತ ಆರಿಸಿದ ಪಟ್ಟಿ ಕಬ್ಬಿನ ಹೊಲದ ಕಾಲುವೆಯ ತುದಿಯಾಗಿದ್ದರೆ, ಒಂದೂವರೆಗೆ ಎಲ್ಲೋ ದೂರದಲ್ಲಿ 'ಟಕ್' ಅನ್ನುತ್ತದೆ, ಗುಂಯ್ ಅಂತ ಸದ್ದು ಶುರುವಾಗುತ್ತದೆ, ಹತ್ತು ನಿಮಿಷಕ್ಕೆ ಚಾಪೆಯ ಕೆಳಗೆ ತಣ್ಣಗೆ ಏನೋ ಹರಿದಾಡುತ್ತದೆ. ಹಾವು ಅಂತ ಎಲ್ಲರೂ ಕಿರುಚುತ್ತಾರೆ. ಹಾವಲ್ಲ, ಮುತ್ಯಾನ ಕಬ್ಬಿನ ನೀರು. ಮಳೆಗೆ ಅಂತ ಎರಡು ಸಾವಿರ ಮಿಲಿಮೀಟರ್ ಎತ್ತರದ ನೀರಿನ ಒತ್ತಡ ತಡೆಯುವ ಬಟ್ಟೆ ನೋಡಿ ಖರೀದಿಸಿದ್ದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ನೀರು ಮೇಲಿನಿಂದ ಬಂದಿಲ್ಲ.

ಎರಡನೆಯದು, "ಮಳಿಗಾಲದಾಗ ನೀರು ಎಲ್ಲಿತನಕ ಬಂದಿತ್ರಿ?" ಆತ ಕೋಲಿನಿಂದ ತೋರಿಸುವ ಗೆರೆಗಿಂತ ಎತ್ತರದಲ್ಲಿಯೇ ನಿಮ್ಮ ಜಾಗ ಇರಬೇಕು. ಇಲ್ಲಿ ಮಳೆ ಬಂದಿಲ್ಲವಲ್ಲ ಅನ್ನುವ ಧೈರ್ಯ ಬೇಡ. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗ ನೀರು ಬಹುಪಾಲು ಬಂದದ್ದು ಮಹಾರಾಷ್ಟ್ರದ ಉಜ್ಜನಿ ಜಲಾಶಯದ ಕಡೆಯಿಂದ. ಬಸವಸಾಗರದ ಕೆಳಗೆ ಕೃಷ್ಣೆಯ ಬಂಡೆಗಳ ನಡುವೆ ಉಸುಕಿನ ಹಾಸು ಎಷ್ಟೇ ಚೆಂದ ಕಂಡರೂ ಅಲ್ಲಿ ಮಲಗಬಾರದು. ಗೇಟು ತೆಗೆಯುವವರಿಗೆ ನೀವು ಅಲ್ಲಿದ್ದೀರಿ ಅಂತ ಗೊತ್ತಿರುವುದಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ.

ಮೂರನೆಯದು, "ದನ ಯಾವ ಹಾದಿಲೆ ನೀರಿಗಿ ಹೋಗ್ತಾವ್ರಿ?" ದಂಡೆಯ ಮೇಲೆ ಹುಲ್ಲು ಸವೆದು ನುಣ್ಣಗಾದ ಅಗಲ ಪಟ್ಟಿಯನ್ನು ನೋಡಿ, ಯಾರೋ ಪುಣ್ಯಾತ್ಮರು ಟೆಂಟಿಗೆ ಅಂತಲೇ ಸ್ವಚ್ಛ ಮಾಡಿಟ್ಟಿದ್ದಾರೆ ಅನ್ನಿಸುತ್ತದೆ. ಮಾಡಿಟ್ಟವು ಎಮ್ಮೆಗಳು. ಬೆಳಿಗ್ಗೆ ತಮ್ಮ ಹಾದಿಯಲ್ಲಿ ಹಸಿರು ಗುಮ್ಮಟ ಎದ್ದಿದ್ದನ್ನು ಕಂಡರೆ ಎಮ್ಮೆ ಸುತ್ತು ಹಾಕುವ ಜಾತಿಯಲ್ಲ. ಹಗ್ಗಕ್ಕೆ ಕೊಂಬು ಸಿಕ್ಕಿದರೆ ಟೆಂಟ್ ನೀರಿನ ತನಕ ಹೋಗಿಯೇ ನಿಲ್ಲುವುದು.

ಇನ್ನು ಮಣ್ಣು. ನಮ್ಮ ಭಾಗದಲ್ಲಿ ಜಾಗ ಆರಿಸುವ ವಿದ್ಯೆಯಲ್ಲಿ ಮುಕ್ಕಾಲು ಪಾಲು ಮಣ್ಣಿನ ವಿದ್ಯೆಯೇ. ಬೂಟಿನ ಹಿಮ್ಮಡಿಯಿಂದ ಒಂದು ಸಲ ಗುದ್ದಿ ನೋಡಿ, ಹಿಡಿ ಮಣ್ಣಿಗೆ ಒಂದು ಗುಟುಕು ನೀರು ಹಾಕಿ ಅಂಗೈಯಲ್ಲಿ ಹೊಸೆಯಿರಿ. ಬತ್ತಿಯಾಗಿ ಉದ್ದಕ್ಕೆ ಬಂದರೆ ಅದು ಅಪ್ಪಟ ಎರೆ, ಅಂದರೆ ಕಪ್ಪು ಮಣ್ಣು. ಉದುರಿ ಹೋದರೆ ಕೆಂಪು ಮಸಾರಿ, ಇಲ್ಲವೆ ಸಣ್ಣ ಕಲ್ಲು ಬೆರೆತ ಗರಸು. ಟೆಂಟಿಗೆ ಗರಸೇ ಸೈ: ನೀರು ಇಂಗುತ್ತದೆ, ಗೂಟ ಹಿಡಿಯುತ್ತದೆ, ಬೆಳಿಗ್ಗೆ ಕಾರು ಹೊರಡುತ್ತದೆ. ಎರೆ ಭೂಮಿ ತೊಗರಿ ಬೆಳೆಯಲಿಕ್ಕೆ ಬಂಗಾರ, ಮಲಗಲಿಕ್ಕೆ ಅಲ್ಲ. ಒಣಗಿದಾಗ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಆ ಬಿರುಕಿನಲ್ಲಿ ಚೇಳು, ಕಟ್ಟುಹಾವು ತಮ್ಮ ಸಂಸಾರ ಹೂಡಿರಬಹುದು. ಗೂಟ ಹೊಡೆದರೆ ಬಿರುಕಿಗೆ ಇಳಿದು ಹೋಗುತ್ತದೆ, ಹಿಡಿತ ಇರುವುದಿಲ್ಲ. ಇನ್ನು ಒಂದು ಅಡ್ಡಮಳೆ ಬಂದರೆ ಅದೇ ಮಣ್ಣು ಉಬ್ಬಿ ಅಂಟಾಗಿ, ನಾಲ್ಕು ಹೆಜ್ಜೆಗೆ ಚಪ್ಪಲಿ ಒಂದೊಂದು ಕಿಲೋ ತೂಗುತ್ತದೆ. ಐದನೇ ಹೆಜ್ಜೆಗೆ ಚಪ್ಪಲಿ ಅಲ್ಲೇ, ನೀವು ಮುಂದೆ.

ಎರೆಯ ಅತಿ ದೊಡ್ಡ ಮೋಸ ಎಂದರೆ ಜಲಾಶಯದ ನೀರು ಇಳಿದ ಮೇಲೆ ಬಯಲಾಗುವ ಹೂಳಿನ ನೆಲ. ಜನವರಿ, ಫೆಬ್ರುವರಿ ಹೊತ್ತಿಗೆ ಕಾರಂಜಾ, ಅಮರ್ಜಾ ದಂಡೆಯಲ್ಲಿ ನೀರಿನ ತನಕ ಸಪಾಟಾಗಿ, ಮೇಲೆ ಒಣಗಿ, ಕಾರು ಇಳಿಸಿ ಕಾರು ಇಳಿಸಿ ಅಂತ ಕರೆಯುತ್ತದೆ. ಮೇಲಿನ ಪದರು ನಾಲ್ಕು ಬೆರಳು ದಪ್ಪ. ಅದರ ಕೆಳಗೆ ಇನ್ನೂ ರಾಡಿ. ನೂರು ಮೀಟರ್ ಚೆಂದ ಹೋಗಿ ಆಮೇಲೆ ಮುಂದಿನ ಗಾಲಿ ಕೂರುತ್ತದೆ. ಎಕ್ಸಲರೇಟರ್ ಒತ್ತಿದಷ್ಟೂ ತೋಡಿಕೊಂಡು ಇಳಿಯುತ್ತದೆ. ಆಗ ಊರಿಗೆ ಫೋನು, ಊರಿಂದ ಟ್ರ್ಯಾಕ್ಟರ್, ಟ್ರ್ಯಾಕ್ಟರ್ ಜೊತೆ ಅರ್ಧ ಊರು. ಎಲ್ಲರದ್ದೂ ಒಂದೇ ಮಾತು: "ಇಲ್ಲಿತನಕ ಯಾಕ್ ಬಂದ್ರಿ?" ಒಂದು ಕೋಲು ತಂದು ಚುಚ್ಚಿ ನೋಡಿ, ಗೇಣುದ್ದ ಸಲೀಸಾಗಿ ಇಳಿದರೆ ಕಾರು ಅಲ್ಲಿಗೇ ನಿಲ್ಲಿಸಿ ನಡೆಯಿರಿ.

ಕಟಾವಾದ ತೊಗರಿ ಹೊಲವೂ ದೂರದಿಂದ ಬಯಲಾಗಿಯೇ ಕಾಣುತ್ತದೆ. ಹತ್ತಿರ ಹೋಗಿ ಬಗ್ಗಿ ನೋಡಬೇಕು. ಕುಡುಗೋಲಿನಿಂದ ಓರೆಯಾಗಿ ಕೊಯ್ದ ಗಿಡದ ಬುಡ, ನಾಲ್ಕು ಬೆರಳು ಎತ್ತರ, ಹೆಬ್ಬೆರಳು ದಪ್ಪ, ತುದಿ ಚೂಪು, ಒಣಗಿ ಕಲ್ಲಾಗಿರುತ್ತದೆ. ಈ ಕೂಳೆ ಸಾಲು ಸಾಲಾಗಿ ನಿಂತಿರುತ್ತದೆ. ಟೆಂಟಿನ ತಳ, ಅದರ ಮೇಲಿನ ಗಾಳಿ ಹಾಸಿಗೆ, ಅದರ ಮೇಲೆ ಮಲಗಿದವರ ಬೆನ್ನು, ಇದೇ ಕ್ರಮದಲ್ಲಿ ವಿಚಾರಿಸಿಕೊಳ್ಳುತ್ತದೆ. ಜಾಲಿ ಗಿಡದ ಕೆಳಗೂ ಇದೇ ಗತಿ. ನೆರಳಿಗೆ ಅಂತ ಹೋದವರು ರಾತ್ರಿಯೆಲ್ಲ ಮುಳ್ಳು ಆರಿಸುತ್ತಾರೆ. ಬೇವಿನ ಗಿಡದ ಕೆಳಗಾದರೆ ಪರವಾಗಿಲ್ಲ, ಆದರೆ ಮೇಲೆ ತಲೆಯೆತ್ತಿ ನೋಡಿಕೊಳ್ಳಿ: ಒಣಗಿದ ಟೊಂಗೆ ಇರಬಾರದು, ಹೆಜ್ಜೇನಿನ ಹುಟ್ಟು ಇರಬಾರದು. ಹುಟ್ಟಿನ ಕೆಳಗೆ ಚಹಾಕ್ಕೆ ಅಂತ ಬೆಂಕಿ ಹಚ್ಚಿದರೆ ಹೊಗೆ ಮೊದಲು ತಲುಪುವುದು ಅವುಗಳಿಗೆ.

ಬೀದರ್ ಕಡೆ ಸಮಸ್ಯೆ ಉಲ್ಟಾ. ಅಲ್ಲಿ ಕೆಂಪು ಮುರಕಲ್ಲು. ಟೆಂಟಿನ ಜೊತೆ ಬರುವ 18 ಸೆಂಟಿಮೀಟರಿನ ತೆಳು ಗೂಟ ಮೂರನೇ ಏಟಿಗೆ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಕಮ್ಮಾರನ ಹತ್ತಿರ 8 ಎಂಎಂ ಸರಳು 30 ಸೆಂಟಿಮೀಟರಿಗೆ ತುಂಡು ಮಾಡಿಸಿ, ಒಂದು ತುದಿ ಚೂಪು, ಇನ್ನೊಂದು ತುದಿ ಕೊಕ್ಕೆ ಮಾಡಿಸಿಕೊಳ್ಳಿ, ಹತ್ತು ಇದ್ದರೆ ಸಾಕು. ಎರೆಗೂ ಅದೇ ಬೇಕು, ಮುರಕಲ್ಲಿಗೂ ಅದೇ. ಹೊಡೆಯುವಾಗ ಗೂಟದ ತಲೆ ಟೆಂಟಿನಿಂದ ಆಚೆ ವಾಲಿರಬೇಕು, ತುದಿ ಟೆಂಟಿನ ಕಡೆ. ಬಹಳ ಜನ ತದ್ವಿರುದ್ಧ ಹೊಡೆದು, ಹಗ್ಗ ಜಾರಿ ಹೋಯಿತು ಅಂತ ಹಗ್ಗ ತಯಾರಿಸಿದವನನ್ನು ಬೈಯುತ್ತಾರೆ. ಎಲ್ಲೂ ಇಳಿಯದಿದ್ದರೆ ಹಗ್ಗದ ಕುಣಿಕೆಗೆ ಗೇಣುದ್ದದ ಕಟ್ಟಿಗೆ ಸಿಕ್ಕಿಸಿ, ಕಟ್ಟಿಗೆಯ ಮುಂದೆ, ಟೆಂಟಿನ ಕಡೆಗೆ, ದೊಡ್ಡ ಕಲ್ಲು ಇಡಿ. ಕಟ್ಟಿಗೆ ಕಲ್ಲಿಗೆ ಆತು ನಿಲ್ಲುತ್ತದೆ. ಕಲ್ಲು ಹುಡುಕಿಕೊಂಡು ಹೋಗುವ ಕಷ್ಟ ನಮ್ಮ ಮೂರೂ ಜಿಲ್ಲೆಗೆ ಇಲ್ಲ. ಎತ್ತುವಾಗ ಮಾತ್ರ ಮೊದಲು ಕಾಲಿನಿಂದ ಹೊರಳಿಸಿ, ಆಮೇಲೆ ಕೈ ಹಾಕಿ. ಚೇಳಿಗೂ ಅದೇ ಕಲ್ಲು ಇಷ್ಟ.

ನೀರಿನಿಂದ ಎಷ್ಟು ದೂರ? ಅರವತ್ತು ಮೀಟರಿಗೆ ಕಡಿಮೆ ಬೇಡ, ಅಂದರೆ ದೊಡ್ಡ ಹೆಜ್ಜೆಯಲ್ಲಿ ಎಂಬತ್ತು. ಇದನ್ನು ಹೇಳಿದ ತಕ್ಷಣ ಗುಂಪಿನಲ್ಲಿ ಒಬ್ಬರ ಮುಖ ಸಪ್ಪಗಾಗುತ್ತದೆ. ಟೆಂಟಿನ ಬಾಗಿಲಿನಿಂದ ಕಾಲು ಚಾಚಿ, ಆಚೆ ನೀರು, ನೀರಿನಾಚೆ ಸೂರ್ಯೋದಯ, ಆ ಫೋಟೋಕ್ಕೆ ಅಂತಲೇ ಅವರು ಬಂದಿರುತ್ತಾರೆ. ಆ ಫೋಟೋ ಬೇಕಾದರೆ ಪಡುವಣ ದಂಡೆಗೆ ಹೋಗಿ ಬಾಗಿಲು ಮೂಡಣಕ್ಕೆ ಮಾಡಬೇಕು. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಬೀಸುವುದೂ ಹೆಚ್ಚಾಗಿ ಮೂಡಣ, ಈಶಾನ್ಯದಿಂದಲೇ. ನೀರಿನ ಮೇಲೆ ತಡೆಯಿಲ್ಲದೆ ಹಾದು, ಬಾಗಿಲು ತೆರೆದಿದೆಯಲ್ಲ ಅಂತ ನೇರ ಒಳಗೆ ಬರುತ್ತದೆ. ಡಿಸೆಂಬರಿನ ಬೀದರ್ ಚಳಿ ತಿಂದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಫೋಟೋ ಹೊರಗೆ ನಿಂತು ತೆಗೆಯಿರಿ, ಬಾಗಿಲು ಗಾಳಿಗೆ ಬೆನ್ನು ಮಾಡಲಿ.

ಕೆಳಗಿನ ತಗ್ಗೂ ಬೇಡ. ರಾತ್ರಿ ತಂಪು ಗಾಳಿ ಭಾರವಾಗಿ ತಗ್ಗಿಗೆ ಇಳಿದು ಕೂರುತ್ತದೆ, ನೀರಿನ ಪಕ್ಕ ಇಬ್ಬನಿಯೂ ಹೆಚ್ಚು. ಅದರ ಮೇಲೆ ನಮ್ಮ ಜನ ಚಳಿ ಅಂತ ಕಿಟಕಿ, ಗಾಳಿಕಿಂಡಿ ಎಲ್ಲ ಜಿಪ್ ಎಳೆದು ಬಿಗಿ ಮಾಡುತ್ತಾರೆ. ಬಿಸಿ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದ ಒಳಗೆ ನೀರಾಡುತ್ತದಲ್ಲ, ಇಲ್ಲಿ ರೊಟ್ಟಿ ನೀವು. ನಾಲ್ವರು ರಾತ್ರಿಯೆಲ್ಲ ಬಿಟ್ಟ ಉಸಿರು ಬೆಳಗಿನ ಜಾವ ತಣ್ಣನೆ ಬಟ್ಟೆಗೆ ತಾಗಿ ಹನಿಯಾಗಿ ಮೂಗಿನ ಮೇಲೆ ಬೀಳುತ್ತದೆ. "ಟೆಂಟ್ ಸೋರ್ಲಿಕ್ಕತ್ತದ, ಅಂಗಡಿಯವ ಮೋಸ ಮಾಡ್ಯಾನ" ಅನ್ನುವ ಜಗಳಗಳಲ್ಲಿ ಬಹಳಷ್ಟು ಈ ಉಸಿರಿನ ಜಗಳಗಳೇ. ಸೊಳ್ಳೆ ಜಾಳಿಗೆಯ ಜಿಪ್ ಪೂರ್ತಿ ಹಾಕಿ, ಮೇಲಿನ ಗಾಳಿಕಿಂಡಿ ತೆರೆದಿಡಿ, ಒಂದು ಕೌದಿ ಹೆಚ್ಚು ಹೊದ್ದುಕೊಳ್ಳಿ. ಜಾಳಿಗೆಯ ಜಿಪ್ ಮಾತ್ರ ಒಂದು ಬೆರಳೂ ತೆರೆದಿರಬಾರದು, ರಾತ್ರಿ ನೆಲದ ಮೇಲೆ ಮಲಗಿದವರ ಹಾಸಿಗೆಗೆ ನುಸುಳುವ ಚಾಳಿ ಕಟ್ಟುಹಾವಿಗಿದೆ.

ಟೆಂಟಿನ ಮೇಲೆ "4 ಜನರಿಗೆ" ಅಂತ ಬರೆದಿದ್ದರೆ ಇಬ್ಬರು ದೊಡ್ಡವರು, ಒಂದು ಮಗು, ಒಂದು ಚೀಲ ಅಂತ ಓದಿಕೊಳ್ಳಿ. ಕೆಳಗೆ ಹಾಸುವ ತಾಡಪತ್ರಿ ಟೆಂಟಿನ ತಳಕ್ಕಿಂತ ಸುತ್ತಲೂ ನಾಲ್ಕು ಬೆರಳು ಚಿಕ್ಕದಿರಲಿ, ಇಲ್ಲವೆ ಮಡಿಚಿ ಒಳಗೆ ಸರಿಸಿ. ದೊಡ್ಡದಿದೆ, ಹಣ ಕೊಟ್ಟಿದ್ದೇವೆ ಅಂತ ಆಚೆ ಬಿಟ್ಟರೆ ಮಳೆ, ಇಬ್ಬನಿ ಎಲ್ಲ ಅದರ ಮೇಲೆ ಬಿದ್ದು ನೇರ ನಿಮ್ಮ ಕೆಳಗೆ ಬರುತ್ತದೆ. ಹಾಸಿದ ಮೇಲೆ ಟೆಂಟ್ ಎತ್ತುವ ಮೊದಲು ಒಬ್ಬರು ಅದರ ಮೇಲೆ ಅಂಗಾತ ಮಲಗಬೇಕು, ನಾಚಿಕೆ ಬೇಡ. ಬೆನ್ನಿಗೆ ಒತ್ತುವ ಕಲ್ಲು ಈಗಲೇ ಸಿಗುತ್ತದೆ. ಇಳಿಜಾರು ಸ್ವಲ್ಪ ಇದ್ದರೆ ತಲೆ ಎತ್ತರದ ಕಡೆ. ಅಡ್ಡ ಮಲಗಿದರೆ ಬೆಳಗಾಗುವಷ್ಟರಲ್ಲಿ ಎಲ್ಲರೂ ಒಂದೇ ಮೂಲೆಯಲ್ಲಿ ಸಿಗುತ್ತೀರಿ, ಕೆಳಗೆ ಸಿಕ್ಕವರು ಸಾಮಾನ್ಯವಾಗಿ ಅಳಿಯಂದಿರು.

ಅಡುಗೆಯ ದೊಡ್ಡಸ್ತಿಕೆ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಒಂದು ಗಡಿಗೆ ಮೊಸರು. ಉಳಿದದ್ದನ್ನು ಕಾರಿನಲ್ಲಿಡಿ. ಟೆಂಟಿನೊಳಗೆ ಇಟ್ಟರೆ ಇರುವೆ ತಳದಿಂದ, ನಾಯಿ ಬಾಗಿಲಿನಿಂದ, ಮಂಗ್ಯಾ ಛಾವಣಿಯಿಂದ ಬರುತ್ತದೆ. ಮೂರಕ್ಕೂ ಜಿಪ್ ಒಂದು ಲೆಕ್ಕವಲ್ಲ. ಭಾಲ್ಕಿ, ಹುಮನಾಬಾದ್ ಸುತ್ತ ಕಬ್ಬು ಕಡಿಯುವ ದಿನಗಳಲ್ಲಿ ರಸ್ತೆಯಿಂದ ಒಂದು ಕಿಲೋಮೀಟರಾದರೂ ಒಳಗೆ ಹೋಗಿ. ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳಿಗೆ ರಾತ್ರಿ ಎರಡು ಟ್ರೇಲರ್ ಕಬ್ಬು, ನಾಲ್ಕು ಸ್ಪೀಕರು. ಪ್ರತಿ ಚಾಲಕನದ್ದೂ ಬೇರೆ ಹಾಡು.

ಬೆಳಿಗ್ಗೆ ಎದ್ದು ಒದ್ದೆ ಟೆಂಟನ್ನು ಹಾಗೇ ಸುತ್ತಿ ಚೀಲಕ್ಕೆ ತುರುಕಿದರೆ ಎರಡು ದಿನಕ್ಕೆ ಬೂಷ್ಟು, ವಾರಕ್ಕೆ ವಾಸನೆ. ಮನೆಗೆ ಬಂದವರೇ ಮಾಳಿಗೆ ಮೇಲೆ ಒಣಹಾಕಿ, ನಮ್ಮ ಬಿಸಿಲಿಗೆ ಅರ್ಧ ತಾಸು ಸಾಕು, ಹೆಚ್ಚು ಬಿಟ್ಟರೆ ಬಣ್ಣ ಹೋಗುತ್ತದೆ. ಒಂದೇ ಎಚ್ಚರಿಕೆ: ಕೋಲು ಸಿಕ್ಕಿಸಿ ನಿಲ್ಲಿಸಿ ಒಣಗಿಸುವುದಾದರೆ ನೀರಿನ ಟಾಕಿಗೆ ಕಟ್ಟಿ. ಮಾಳಿಗೆ ಮೇಲೆ ಗೂಟ ಹೊಡೆಯಲು ಬರುವುದಿಲ್ಲ, ಗಾಳಿಗೆ ಅದು ಗೊತ್ತು. ನಾಲ್ಕು ಮನೆ ಆಚೆ ಬಾಗಿಲು ಬಡಿದು, "ಕಾಕೂ, ನಮ್ದು ಟೆಂಟ್ ನಿಮ್ಮ ಮಾಳಗಿ ಮ್ಯಾಲ ಬಂದದೇನ್ರಿ?" ಅಂತ ಕೇಳಬೇಕಾಗುತ್ತದೆ. ಅವರು ಅಷ್ಟರಲ್ಲಿ ಅದರ ಮೇಲೆ ಹಪ್ಪಳ ಒಣಹಾಕಿರುತ್ತಾರೆ.