ಶಾಂತ ಕಡಲತೀರಕ್ಕೆ ಜೋರಾದ ಸ್ವಾಗತ

ಗಾಡಿಯಿಂದ ಇಳಿದ ಕೂಡಲೇ ಕಿವಿಗೆ ಬಿದ್ದದ್ದು ಲೌಡ್‌ಸ್ಪೀಕರ್. ‘ಮಾನ್ಯ ಪ್ರವಾಸಿಗರೇ, ಇದು ಶಾಂತವಾದ, ಕುಟುಂಬಸ್ನೇಹಿ ಕಡಲತೀರ. ದಯವಿಟ್ಟು ಗಲಾಟೆ ಮಾಡಬೇಡಿ.’ ಹತ್ತು ನಿಮಿಷಕ್ಕೊಮ್ಮೆ ಇದೇ ಪಾಠ. ಮಧ್ಯೆ ಮನಸ್ಸಿಗೆ ನೆಮ್ಮದಿ ಕೊಡುವ ಸಂಗೀತ. ಆ ಸಂಗೀತದಲ್ಲಿ ಅಲೆಗಳ ಸದ್ದನ್ನು ಬೆರೆಸಿದ್ದರು. ನಿಜವಾದ ಅಲೆಗಳು ಅಲ್ಲಿಂದ ಐವತ್ತು ಹೆಜ್ಜೆ ದೂರದಲ್ಲಿ, ಕೇಳುವವರಿಲ್ಲದೆ, ತಮ್ಮ ಪಾಡಿಗೆ ತಾವು ಬಡಿಯುತ್ತಿದ್ದವು.

ಊರಿನ ಹೆಸರು ಹೇಳಲ್ಲ. ಹೇಳಿದರೆ ಮುಂದಿನ ಶನಿವಾರ ನೀವೆಲ್ಲ ಅಲ್ಲೇ ಇರುತ್ತೀರಿ. ನಾನು ಹೋಗಿದ್ದೂ ಹಾಗೇ. ಯಾರೋ ‘ಯಾರಿಗೂ ಗೊತ್ತಿಲ್ಲದ ಹತ್ತು ಬೀಚ್‌ಗಳು’ ಅಂತ ಪಟ್ಟಿ ಹಾಕಿದ್ದರು. ಯಾರಿಗೂ ಗೊತ್ತಿಲ್ಲದ ಆ ಜಾಗದಲ್ಲಿ ಗಾಡಿ ನಿಲ್ಲಿಸೋಕೆ ಮುಕ್ಕಾಲು ಗಂಟೆ ಕಾದೆವು.

ಮರಳಿಗೆ ಇಳಿಯುವ ಮೆಟ್ಟಿಲ ಪಕ್ಕ ಬೋರ್ಡುಗಳ ಸಾಲು. ಓಡಬಾರದು. ಚೆಂಡು ಎಸೆಯಬಾರದು. ಕಿರುಚಬಾರದು. ಗುಂಡಿ ತೋಡಬಾರದು. ಕುಟುಂಬಸ್ನೇಹಿ ಅಂದರೆ ಕುಟುಂಬದವರೆಲ್ಲ ನಿವೃತ್ತರಾಗಿರಬೇಕು ಅಂತ ನನಗೆ ಗೊತ್ತಿರಲಿಲ್ಲ. ಆರು ವರ್ಷದ ಮಗಳು ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಪುಟ್ಟ ಸಲಿಕೆ ಹಿಡಿದು ಒಂದೊಂದೇ ಬೋರ್ಡು ಕೂಡಿಸಿ ಓದಿದಳು. ಓದಿ ಮುಗಿಸಿ ಸಲಿಕೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.

ಗುಂಡಿಯ ವಿಷಯದಲ್ಲಿ ಬೋರ್ಡಿನದ್ದು ಪೂರ್ತಿ ತಪ್ಪಲ್ಲ, ಬಿಡಿ. ಆಳದ ಗುಂಡಿಯ ಮರಳು ಕುಸಿದು ಜನ ಸತ್ತಿದ್ದಾರೆ. ಗುಂಪಿನಲ್ಲಿ ಎಲ್ಲರಿಗಿಂತ ಕುಳ್ಳಗಿರುವವರ ಮೊಣಕಾಲಿಗಿಂತ ಆಳಕ್ಕೆ ತೋಡಬೇಡಿ ಅನ್ನುವುದು ಜೀವರಕ್ಷಕರ ಲೆಕ್ಕ. ಆದರೆ ಅಲ್ಲೇ ಪಕ್ಕದಲ್ಲಿ ಇನ್ನೊಂದು ಬೋರ್ಡು ನೆಡಲು ಗುಂಡಿ ತೋಡಿ, ಹಾಗೇ ಬಿಟ್ಟು ಹೋಗಿದ್ದರು. ನನ್ನ ಸೊಂಟದುದ್ದ ಇತ್ತು. ಮಗಳು ಅದರೊಳಗೆ ಇಣುಕಿ ನೋಡಿ, ‘ಅಪ್ಪಾ, ಇವರಿಗೆ ಯಾರು ಬೈತಾರೆ?’ ಅಂದಳು.

ಇಷ್ಟು ಬೋರ್ಡುಗಳಲ್ಲಿ ನಿಜಕ್ಕೂ ಬೇಕಾಗಿದ್ದು ಒಂದೇ, ರಿಪ್ ಕರೆಂಟ್ ಎಂಬ ಸೆಳೆತದ ಎಚ್ಚರಿಕೆ. ಅದು ನನ್ನ ಕಣ್ಣಿಗೆ ಬೀಳಲು ಎರಡು ದಿನ ಹಿಡಿಯಿತು. ಊರಿನ ಹೆಸರನ್ನು ಆಳೆತ್ತರದ ಬಣ್ಣದ ಅಕ್ಷರಗಳಲ್ಲಿ ನಿಲ್ಲಿಸಿರುತ್ತಾರಲ್ಲ, ಜನ ಸಾಲುಗಟ್ಟಿ ಫೋಟೊ ತೆಗೆಸಿಕೊಳ್ಳುವುದು, ಅದರ ಹಿಂದೆ ಇತ್ತು. ಮೂರನೇ ಅಕ್ಷರದ ಹೊಟ್ಟೆಯ ತೂತಿನಿಂದ ಅರ್ಧ ಓದಬಹುದಿತ್ತು. ಉಳಿದರ್ಧ ಓದಬೇಕಾದರೆ ಯಾರದೋ ಹನಿಮೂನ್ ಫೋಟೊದಲ್ಲಿ ತಲೆ ತೂರಿಸಬೇಕಿತ್ತು.

ಈ ಸೆಳೆತದ ತಮಾಷೆ ನೋಡಿ. ಅಲೆಗಳು ದಡಕ್ಕೆ ತಂದು ಸುರಿದ ನೀರು ಒಂದು ಕಿರಿದಾದ ದಾರಿ ಹಿಡಿದು ರಭಸದಿಂದ ವಾಪಸ್ ಹೋಗುತ್ತದೆ. ಎರಡೂ ಕಡೆ ಅಲೆ ಒಡೆದು ನೊರೆ ಏಳುತ್ತಿರುತ್ತದೆ. ನಡುವಿನ ಆ ಪಟ್ಟಿ ಮಾತ್ರ ತಣ್ಣಗೆ ಮಲಗಿದ ಹಾಗೆ ಕಾಣುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಬಂದವರು ಹುಡುಕಿ ಹುಡುಕಿ ಅಲ್ಲಿಗೇ ಇಳಿಯುತ್ತಾರೆ. ‘ಶಾಂತ’ ಅಂತ ಓದಿಕೊಂಡೇ ಬಂದವರಲ್ವಾ! ಸಿಕ್ಕಿಕೊಂಡ ಮೇಲೆ ನೇರ ದಡಕ್ಕೆ ಈಜಲು ಹೋದರೆ ಒಳ್ಳೇ ಈಜುಗಾರರೂ ಸುಸ್ತಾಗುತ್ತಾರೆ. ತೇಲುತ್ತಾ ಕೈಯೆತ್ತಿ ಕರೆಯಬೇಕು, ಇಲ್ಲವೇ ದಡದ ಉದ್ದಕ್ಕೆ ಈಜಿ ಆ ಪಟ್ಟಿಯಿಂದ ಆಚೆ ಬರಬೇಕು. ಅದಕ್ಕೂ ಮೊದಲು, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಬೇಕು.

‘ಇದನ್ನ ಲೌಡ್‌ಸ್ಪೀಕರ್‌ನಲ್ಲಿ ಹೇಳಬಹುದಲ್ವಾ?’ ಅಂತ ಮೈಕಿನ ಹುಡುಗನನ್ನು ಕೇಳಿದೆ. ‘ಅಂಥದ್ದೆಲ್ಲ ಹೇಳಿದ್ರೆ ಜನ ಹೆದರ್ತಾರೆ ಸರ್, ಇದು ಫ್ಯಾಮಿಲಿ ಬೀಚು’ ಅಂದ.

ಶಾಂತ ಜಾಗಗಳನ್ನು ಹೀಗೆ ಮೆಚ್ಚಿ ಮೆಚ್ಚಿ ಮುಗಿಸುವುದರಲ್ಲಿ ನಾವು ಒಬ್ಬಂಟಿಗಳೇನಲ್ಲ. ಇಟಲಿಯ ಬುಡೆಲ್ಲಿ ದ್ವೀಪದಲ್ಲಿ ಗುಲಾಬಿ ಬಣ್ಣದ ಮರಳಿನ ತೀರವಿದೆ. ಬಂದವರೆಲ್ಲ ನೆನಪಿಗಿರಲಿ ಅಂತ ಒಂದೊಂದು ಹಿಡಿ ಒಯ್ದು, 1990ರ ದಶಕದಲ್ಲಿ ಅಲ್ಲಿ ಯಾರೂ ಕಾಲಿಡದಂತೆ ಮಾಡಬೇಕಾಯಿತು. ಥಾಯ್ಲೆಂಡಿನ ಮಾಯಾ ಬೇ ಒಂದು ಸಿನಿಮಾದಿಂದ ಹೆಸರಾಯಿತು. ಆಮೇಲೆ ದಿನಕ್ಕೆ ಸಾವಿರಾರು ಜನ ದೋಣಿಯಲ್ಲಿ ಬಂದು ಏಕಾಂತ ಅನುಭವಿಸತೊಡಗಿದರು. ಹವಳ ಹಾಳಾಯಿತು. 2018ರಲ್ಲಿ ಬಾಗಿಲು ಹಾಕಿ, 2022ರಲ್ಲಿ ತೆರೆದರು. ಆ ನಡುವೆ ಶಾರ್ಕ್ ಮೀನುಗಳು ಮರಳಿ ಬಂದವು. ಅವೂ ಯಾವುದೋ ಪಟ್ಟಿ ಓದಿರಬೇಕು.

ನಮ್ಮೂರಿಗೆ, ಅಂದರೆ ನಾನು ಹೆಸರು ಹೇಳದ ಊರಿಗೆ ವಾಪಸ್ ಬರೋಣ. ಅದರ ಲಾಂಛನ ಕಡಲಾಮೆ. ದಡದಲ್ಲಿ ಅದರ ದೊಡ್ಡ ಪ್ರತಿಮೆ, ಸುತ್ತ ರಾತ್ರಿಯಿಡೀ ಫ್ಲಡ್‌ಲೈಟು. ಮೊಟ್ಟೆಯಿಂದ ಹೊರಬಂದ ಆಮೆಮರಿ ಬೆಳಕು ಜಾಸ್ತಿ ಇರುವ ಕಡೆ ಕಡಲಿದೆ ಅಂತ ನಂಬಿ ಹೊರಡುತ್ತದೆ. ಇಲ್ಲಿ ಹುಟ್ಟಿದ ಮರಿ ಸೀದಾ ತನ್ನದೇ ಪ್ರತಿಮೆಯ ಬುಡಕ್ಕೆ ಹೋಗಿ ನಿಲ್ಲಬೇಕು.

ಇನ್ನು ಮಕ್ಕಳಿಗಾಗಿ ‘ಪ್ರತಿ ಶನಿವಾರ ಸಂಜೆ 4ಕ್ಕೆ ಮರಳಿನ ಮನೆ ಸ್ಪರ್ಧೆ’. ಇಡೀ ವರ್ಷದ ವೇಳಾಪಟ್ಟಿ ಅಚ್ಚು ಹಾಕಿ, ಪ್ಲಾಸ್ಟಿಕ್ ಹೊದಿಸಿ, ಕಂಬಕ್ಕೆ ಕಟ್ಟಿದ್ದರು. ಸ್ಪರ್ಧೆಯ ಹೊತ್ತಿಗೆ ಗುಂಡಿ ತೋಡಲು ವಿಶೇಷ ಅನುಮತಿ. ನಾವು ಹೋದ ಶನಿವಾರ ನಾಲ್ಕಕ್ಕೆ ಕಡಲು ದೂರ ಇಳಿದಿತ್ತು. ಒದ್ದೆ ಮರಳು ಬೇಕಾದಷ್ಟು. ಮಗಳು ಬಚ್ಚಿಟ್ಟ ಸಲಿಕೆ ಹೊರಗೆ ಬಂತು. ಸಮಾಧಾನದ ಬಹುಮಾನವೂ ಬಂತು. ‘ಮುಂದಿನ ಶನಿವಾರ ಮೊದಲನೇದೇ’ ಅಂತ ವಾರವಿಡೀ ಕೋಟೆಯ ಚಿತ್ರ ಬರೆದಳು.

ಕಡಲಿಗೆ ಬೇರೆಯದೇ ವೇಳಾಪಟ್ಟಿ ಇದೆ. ಚಂದ್ರನ ಲೆಕ್ಕದಲ್ಲಿ ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಅಂದರೆ ಈ ಶನಿವಾರ ನಾಲ್ಕಕ್ಕೆ ಇಳಿತವಿದ್ದರೆ ಬರುವ ಶನಿವಾರ ಅದೇ ಹೊತ್ತಿಗೆ ಉಬ್ಬರ. ಕೈಲಿ ಬಕೆಟ್ ಹಿಡಿದ ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ಕೂತಿದ್ದರು. ಸ್ಪರ್ಧೆಯ ಜಾಗದಲ್ಲಿ ನೀರಿತ್ತು. ತೀರ್ಪುಗಾರರ ಮೇಜು ಮೊಣಕಾಲುದ್ದ ನೀರಿನಲ್ಲಿ ನಿಂತಿತ್ತು. ಒಂದು ಪ್ಲಾಸ್ಟಿಕ್ ಕುರ್ಚಿ ಆಗಲೇ ಪ್ರವಾಸ ಹೊರಟಿತ್ತು.

ಲೌಡ್‌ಸ್ಪೀಕರ್ ಕರಕರ ಅಂದಿತು. ‘ಮಾನ್ಯ ಪ್ರವಾಸಿಗರೇ, ಕೆಲವು ತಾಂತ್ರಿಕ ಕಾರಣಗಳಿಂದ ಸ್ಪರ್ಧೆಯನ್ನು ಮುಂದೂಡಲಾಗಿದೆ. ದಯವಿಟ್ಟು ಶಾಂತವಾಗಿರಿ.’ ಆಮೇಲೆ ಮತ್ತೆ ಸಂಗೀತ. ಅದರೊಳಗಿನ ಅಲೆಗಳು ಮಾತ್ರ ಸರಿಯಾಗಿ ನಾಲ್ಕಕ್ಕೆ ಶುರುವಾದವು.