ಬಣ್ಣ ಹಚ್ಚುವ ಕೈಗಳಿಗೆ ಗ್ಲೌಸ್ ಬೇಕು

ಗವಿಮಠದ ಜಾತ್ರೆ ಹತ್ತಿರ ಬಂದಿತೆಂದರೆ ಕೊಪ್ಪಳದ ಕ್ಷೌರದಂಗಡಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಟಿಂಗ್‌ಗಿಂತ ಡೈ ಹಚ್ಚಿಸಿಕೊಳ್ಳುವ ಅವಸರವೇ ಹೆಚ್ಚು. 'ಇದರಿಂದ ಕ್ಯಾನ್ಸರ್ ಬರುತ್ತದಂತೆ, ಹೌದೇ?' ಎಂದು ಕುರ್ಚಿಯಲ್ಲಿ ಕುಳಿತವರು ಕೇಳುವುದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಹಿಂದೆ ನಿಂತು ಬರಿಗೈಯಲ್ಲಿ ಬಣ್ಣ ಕಲಸುವ ಹುಡುಗನಿಗೆ ಏನಾಗಬಹುದು ಎಂದು ಕೇಳಿದವರನ್ನು ಕಾಣೆ. ನನಗೆ ಸಂಕಟವಾಗುವುದು ಅಲ್ಲಿಯೇ.

ಹಚ್ಚಿಸಿಕೊಳ್ಳುವವರು ಗಾಬರಿಯಾಗಬೇಕಾಗಿಲ್ಲ. ಅಮೆರಿಕದಲ್ಲಿ 1,17,200 ದಾದಿಯರನ್ನು 36 ವರ್ಷ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಂತಕ್ಕೆ ಡೈ ಬಳಸಿದವರಲ್ಲಿ ಮೂತ್ರಕೋಶದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಲಾಸ್ ಏಂಜಲೀಸ್‌ನ 2001ರ ಅಧ್ಯಯನ ಮಾತ್ರ ತಿಂಗಳಿಗೊಮ್ಮೆಯಾದರೂ ಹಚ್ಚುವ ಮಹಿಳೆಯರಲ್ಲಿ ಅಪಾಯ ಹೆಚ್ಚೆಂದು ಹೇಳಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಪುರಾವೆ ಸಾಲದೆಂದು, ಸ್ವಂತ ಬಳಕೆ ಕ್ಯಾನ್ಸರ್‌ಕಾರಕ ಹೌದೋ ಅಲ್ಲವೋ ಎಂದು ತೀರ್ಪು ಕೊಟ್ಟಿಲ್ಲ. ಆದರೆ ಅದೇ ಸಂಸ್ಥೆ ಕ್ಷೌರಿಕರ ಮತ್ತು ಕೇಶವಿನ್ಯಾಸಕರ ಕಸುಬನ್ನು 1993ರಲ್ಲಿಯೇ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿತು; 2010ರಲ್ಲಿ ಪ್ರಕಟಿಸಿದ ಸಂಪುಟದಲ್ಲಿಯೂ ಅದನ್ನು ಬದಲಿಸಲಿಲ್ಲ. ಮುಖ್ಯ ಆಧಾರ ಮೂತ್ರಕೋಶದ ಕ್ಯಾನ್ಸರೇ.

ಬಣ್ಣಕ್ಕೂ ಮೂತ್ರಕೋಶಕ್ಕೂ ಏನು ಸಂಬಂಧ? 1895ರಲ್ಲಿ ಲುಡ್ವಿಗ್ ರೆನ್ ಎಂಬ ಜರ್ಮನ್ ಶಸ್ತ್ರವೈದ್ಯರು ಬಣ್ಣದ ಕಾರ್ಖಾನೆಯ ಕಾರ್ಮಿಕರ ಮೂತ್ರಕೋಶದಲ್ಲಿ ಗಡ್ಡೆಗಳನ್ನು ಗುರುತಿಸಿದರು. ಅರೋಮ್ಯಾಟಿಕ್ ಅಮೈನ್ ಎಂಬ ರಾಸಾಯನಿಕಗಳ ಗುಂಪಿನ ಮೇಲೆ ಸಂಶಯ ಬಿದ್ದದ್ದು ಅಲ್ಲಿಂದ. ಇವು ಚರ್ಮದ ಮೂಲಕವೂ ಒಳಸೇರುತ್ತವೆ, ಯಕೃತ್ತಿನಲ್ಲಿ ರೂಪ ಬದಲಿಸುತ್ತವೆ, ಮೂತ್ರದಲ್ಲಿ ಇಳಿದು ಬಂದು ಮೂತ್ರಕೋಶದ ಒಳಪದರಕ್ಕೆ ಗಂಟೆಗಟ್ಟಲೆ ತಾಗಿಕೊಂಡಿರುತ್ತವೆ. ಕೂದಲಿನ ಡೈಗಳಲ್ಲಿದ್ದ ಈ ಗುಂಪಿನ ಕೆಲವು ಅಪಾಯಕಾರಿ ವಸ್ತುಗಳನ್ನು 1970ರ ದಶಕದ ನಂತರ ಕೈಬಿಡಲಾಯಿತು, ನಿಜ. ಆದರೂ ಬರಿಗೈಯಲ್ಲಿ ಕಲಸಲು ಇದೇನು ಗೋದಿ ಹಿಟ್ಟಲ್ಲ.

ಆ ಹುಡುಗ ಪೊಟ್ಟಣವನ್ನು ಹಿಂಡಿ, ಬ್ರಷ್‌ನಿಂದ ತಿರುವಿ, ಕಿವಿಯ ಪಕ್ಕಕ್ಕೆ ಇಳಿದ ಬಣ್ಣವನ್ನು ಹೆಬ್ಬೆರಳಿನಿಂದಲೇ ಒರೆಸುತ್ತಾನೆ. ತೊಳೆಯುವುದೂ ಅದೇ ಕೈ. ಅವನ ಉಗುರಿನ ಸಂದಿಯ ಕಪ್ಪು ವಾರಗಟ್ಟಲೆ ಹೋಗುವುದಿಲ್ಲ. ನಮ್ಮ ಕಡೆಯ ಎಷ್ಟೋ ಅಂಗಡಿಗಳಲ್ಲಿ ಶೌಚಾಲಯವೂ ಇಲ್ಲ. ರಾಯಚೂರು, ಬಳ್ಳಾರಿಯ ಬಿಸಿಲಿನಲ್ಲಿಯೂ ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ನಿಲ್ಲುತ್ತಾರೆ. ಬ್ಯೂಟಿ ಪಾರ್ಲರ್‌ನ ಹೆಣ್ಣುಮಕ್ಕಳ ಪಾಡೂ ಇದೇ. ಮೆಹಂದಿ ಹಚ್ಚುತ್ತೇವೆ, ಭಯವಿಲ್ಲ ಎನ್ನುವವರಿಗೆ ಒಂದು ತಿಳಿದಿರಲಿ: ಗೋರಂಟಿ ಎಲೆ ಕೆಂಪು ಬಣ್ಣ ಕೊಡುತ್ತದೆ. ಕಪ್ಪು ಮೆಹಂದಿಯೆಂದು ಮಾರುವ ಪುಡಿಗಳಲ್ಲಿ ಅನೇಕಕ್ಕೆ ಡೈನ ರಾಸಾಯನಿಕವನ್ನೇ ಬೆರೆಸಿರುತ್ತಾರೆ.

ಅಂಗಡಿಯ ಯಜಮಾನರೇ, ಗ್ಲೌಸ್ ಖರ್ಚನ್ನು ಡೈ ದರದಲ್ಲಿಯೇ ಸೇರಿಸಿ. ಗಿರಾಕಿಗಳಾದ ನಾವು ಆ ನಾಲ್ಕು ಕಾಸು ಹೆಚ್ಚು ಕೊಡಬೇಕು, 'ಗ್ಲೌಸ್ ಹಾಕಿಕೊಂಡು ಹಚ್ಚಪ್ಪ' ಎಂದು ಬಾಯಿ ಬಿಟ್ಟು ಹೇಳಬೇಕು.

ಕಸುಬಿನಲ್ಲಿರುವ ಅಣ್ಣಂದಿರೇ, ಅಕ್ಕಂದಿರೇ, ಮೂತ್ರಕೋಶದ ಕ್ಯಾನ್ಸರ್‌ಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೀಡಿ, ಸಿಗರೇಟು. ಡೈ ಜೊತೆ ಅದನ್ನೂ ಸೇರಿಸಿಕೊಳ್ಳಬೇಡಿ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಕಂಡರೆ 'ಉಷ್ಣವಾಗಿದೆ' ಎಂದು ಎಳನೀರು ಕುಡಿದು ಸುಮ್ಮನಾಗಬೇಡಿ. ಒಮ್ಮೆ ಕಾಣಿಸಿಕೊಂಡು ತಾನಾಗಿಯೇ ನಿಂತರೂ ಆಸ್ಪತ್ರೆಗೆ ಹೋಗಿ ಪರೀಕ್ಷೆ ಮಾಡಿಸಿ. ಎಷ್ಟು ವರ್ಷದಿಂದ ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದೀರಿ ಎಂಬುದನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ.